ಪದ್ಮಕ್ಕನ ಮಡಚಿದ ಬೆರಳು

ಪದ್ಮಕ್ಕ ಹೀಚುಕಾಯಿಯನ್ನು ಎಂದೂ ನೇರ ಬೆರಳಿನಿಂದ ತೋರಿಸುತ್ತಿರಲಿಲ್ಲ. ತೋರುಬೆರಳನ್ನು ಮಡಚಿ, ಗೆಣ್ಣನ್ನು ಮುಂದೆ ಮಾಡಿ, "ನೋಡ್ರೀ, ಅಲ್ಲೊಂದು ಬಿಟ್ಟಿದೆ" ಎನ್ನುತ್ತಿದ್ದರು. ಬೆರಳು ಚಾಚಿದರೆ ಹೀಚು ಕೊಳೆತುಹೋಗುತ್ತದೆ ಎಂಬುದು ಅವರ ನಂಬಿಕೆ. ನನಗಂತೂ ತೋರಿಸಲು ಒಂದು ಹೀಚೂ ಉಳಿಯುತ್ತಿರಲಿಲ್ಲ.

ಗವಿಪುರದಲ್ಲಿ ನಮ್ಮಿಬ್ಬರದೂ ಮೂರು ಮಹಡಿ ಮನೆ. ತಾರಸಿಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಅದೇ ಬಿಸಿಲು, ಅದೇ ನೀರು. ಹೀರೆ ಬೀಜವೂ ಅವರೇ ಕೊಟ್ಟದ್ದು. ಅವರ ಒಡಕು ಬಕೆಟ್ಟಿನ ಬಳ್ಳಿಯಲ್ಲಿ ಮೊಳದುದ್ದದ ಕಾಯಿಗಳು ತೂಗುತ್ತಿದ್ದವು. ನಾನು ಚೆಂದದ ಕುಂಡ, ಚೀಲಗಟ್ಟಲೆ ಗೊಬ್ಬರ ತಂದರೂ ಹೂವು ಅರಳಿ, ಹೀಚು ಹಳದಿಯಾಗಿ ಉದುರುತ್ತಿತ್ತು. ದಿನಾ ಸಂಜೆ ಗುಡಿಗೆ ಹೋಗಿ ಗಂಗಾಧರೇಶ್ವರನಲ್ಲಿ ಹೀರೆಕಾಯಿ ಬೇಡಿದ ಭಕ್ತೆ ನಾನೊಬ್ಬಳೇ ಇರಬೇಕು.

"ಸಂಜೆ ಹೊತ್ತು ಗಿಡದ್ ಹತ್ರ ಕೂತ್ಕೊಳ್ರೀ. ಬರೀ ನೀರ್ ಹಾಕಿ ಓಡೋದ್ರೆ ಆಗುತ್ತಾ?" ಎಂದು ಪದ್ಮಕ್ಕ ಹೇಳುವಾಗ ಮೈಯೆಲ್ಲ ಉರಿಯುತ್ತಿತ್ತು. ವಾರಕ್ಕೆರಡು ಕಾಯಿ ಗೋಡೆಯ ಮೇಲಿಟ್ಟು ಹೋಗುತ್ತಿದ್ದರು. ತೊವ್ವೆ ಮಾಡಿ ಉಣ್ಣುತ್ತಿದ್ದೆ. ರುಚಿಯಾಗಿದೆ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಅವರ ತಾರಸಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಗೋಡೆಯ ಬಳಿ ನಿಂತು, ಅವರ ಒಂದೊಂದು ಹೀಚಿಗೂ ಬೆರಳು ಚಾಚಿ ತೋರಿಸಿದೆ. ಅರವತ್ತು ದಾಟಿದ ಹೆಂಗಸು ಮಾಡುವ ಕೆಲಸವೇ? ಮಾಡಿದೆ. ಒಂದೂ ಕೊಳೆಯಲಿಲ್ಲ.

ಬದಲಿಗೆ ಎರಡೇ ವಾರದಲ್ಲಿ ನನ್ನ ಬಳ್ಳಿಯಲ್ಲೂ ಕಾಯಿ ನಿಂತವು! ಒಂದಲ್ಲ, ನಾಲ್ಕು. ಮೊದಲನೆಯದರಲ್ಲಿ ಬಜ್ಜಿ ಕರಿದು ಬಿಸಿಬಿಸಿಯಾಗಿ ಪದ್ಮಕ್ಕನಿಗೆ ಕೊಟ್ಟೆ. ಕೊಟ್ಟದ್ದೇನು ಬಂತು, ಮೆರೆದದ್ದು. ಅವರು ಚಪ್ಪರಿಸಿ ತಿಂದು, "ನಿಮ್ ಕೈಗುಣ ಕಣ್ರೀ" ಎಂದರು. ಆ ಮಳೆಗಾಲದಲ್ಲೇ ಎದೆನೋವು ಬಂದು ತೀರಿಕೊಂಡರು.

ಈ ವರ್ಷ ನನ್ನ ಬಳ್ಳಿಯಲ್ಲಿ ಮತ್ತೆ ಬರೀ ಹೂವು. ಉದುರಿದ ಹೀಚುಗಳನ್ನು ಅಂಗೈಯಲ್ಲಿಟ್ಟುಕೊಂಡು ಪದ್ಮಕ್ಕನ ಸೊಸೆ ವೀಣಾಳಿಗೆ ತೋರಿಸಿದೆ.

"ಇಷ್ಟೆತ್ತರಕ್ಕೆ ದುಂಬಿ ಬರಲ್ಲ ಆಂಟಿ. ಸಂಜೆ ಹೂ ಅರಳಿದಾಗ ಗಂಡು ಹೂ ಕಿತ್ತು ಹೆಣ್ಣು ಹೂಗೆ ಮುಟ್ಟಿಸ್ಬೇಕು. ನೀವು ಗುಡಿಗೆ ಹೋದಾಗ ಅತ್ತೆ ಗೋಡೆ ಮೇಲಿಂದ ಬಗ್ಗಿ ನಿಮ್ ಬಳ್ಳಿಗೂ ಮುಟ್ಟಿಸ್ತಿದ್ರು."

"ಯಾವಾಗಿಂದ?"

ವೀಣಾ ತಲೆ ತಗ್ಗಿಸಿದಳು. "ಒಂದಿನ ನೀವು ನಮ್ ಹೀಚಿಗೆಲ್ಲ ಬೆರಳು ತೋರಿಸಿದ್ರಂತಲ್ಲ... ಅತ್ತೆ ಮೆಟ್ಟಿಲಲ್ಲಿ ನಿಂತು ನೋಡಿದ್ರಂತೆ. ಆವತ್ತಿಂದ."

ನಾಚಿಕೆಯಾಯಿತು, ನಿಜ. ಆದರೆ ಸುಳ್ಳೇಕೆ ಹೇಳಲಿ, ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು. ನಾನು ಮೆರೆದ ನಾಲ್ಕು ಕಾಯಿಯೂ ಅವರವೇ!

ಈಗ ಗುಡಿಗೆ ಬೆಳಿಗ್ಗೆಯೇ ಹೋಗಿ ಬರುತ್ತೇನೆ. ಸಂಜೆ ಬಳ್ಳಿಯ ಹತ್ತಿರ ಕೂತು ಹೂವಿಗೆ ಹೂವು ಮುಟ್ಟಿಸುತ್ತೇನೆ. ನಿನ್ನೆ ಒಂದು ಹೀಚು ನಿಂತಿತು. ವೀಣಾಳನ್ನು ಕರೆದು ತೋರಿಸುವಾಗ ನನ್ನ ಬೆರಳು ತಾನಾಗಿಯೇ ಮಡಚಿಕೊಂಡಿತು.