ಎಡರೆಕ್ಕೆಯ ಹೊಸ ಜಾತಿ

ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ಅವನು ಹೊಸ ಜಾತಿಯ ಹಣ್ಣುನೊಣವೊಂದನ್ನು ಕಂಡುಹಿಡಿದುಬಿಟ್ಟ.

ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಎರಡು ಜಾತಿಯ ನೊಣಗಳನ್ನು ರೆಕ್ಕೆಯ ಅಳತೆಯಿಂದ ಬೇರ್ಪಡಿಸುವುದು ಆ ಪ್ರಯೋಗಾಲಯದ ಕೆಲಸ. ರೆಕ್ಕೆಯ ನರಗಳು ಕೂಡುವ ಹದಿನೈದು ಕಡೆ ಚುಕ್ಕಿ ಇಟ್ಟರೆ ಕಂಪ್ಯೂಟರು ನೊಣಗಳನ್ನು ಗುಂಪು ಮಾಡಿ ತೋರಿಸುತ್ತದೆ. ಎರಡು ಗುಂಪು ಬರಬೇಕಾದಲ್ಲಿ ಅವನಿಗೆ ಮೂರು ಬಂದವು. ಮೂರನೆಯದಕ್ಕೆ ತನ್ನ ಹೆಸರಿಡುವುದೋ ತಾಯಿಯದೋ ಎಂದು ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಮುಖ್ಯಸ್ಥೆಯ ಮುಂದೆ ಹಾಳೆ ಹರಡಿದ.

"ಇವೆಲ್ಲ ಎಡರೆಕ್ಕೆ ಕಣಪ್ಪ. ಬಲರೆಕ್ಕೆ ಜೊತೆ ಹಾಗೇ ಕಲಸಿದೀಯ," ಎಂದರು ಅವರು. "ಎಡಗಾಲಿನ ಚಪ್ಪಲಿ ನೋಡಿ, ಇದು ಬೇರೆ ಅಂಗಡೀದು ಅಂದ ಹಾಗಾಯ್ತು."

ಪಕ್ಕದ ಮೇಜಿನ ಅಕ್ಕ ತಲೆಯೆತ್ತಲಿಲ್ಲ. ಹತ್ತನೇ ಕ್ಲಾಸು ಓದಿ, ಹನ್ನೆರಡು ವರ್ಷದ ಹಿಂದೆ ಇಲ್ಲಿ ಗಾಜು ತೊಳೆಯಲು ಬಂದವಳು. ಈಗ ಸೊಳ್ಳೆ ಸೀನಿದರೂ ಹಾರಿಹೋಗುವಂಥ ರೆಕ್ಕೆಯನ್ನು ಚಿಮುಟದಿಂದ ಬಿಡಿಸಿ, ಅಂಟಿನ ಹನಿಯ ಮೇಲೆ ಮಲಗಿಸಿ, ಉಸಿರು ಬಿಗಿಹಿಡಿದು ಮೇಲೆ ಗಾಜು ಮುಚ್ಚುತ್ತಾಳೆ. ಒಂದು ಗುಳ್ಳೆಯೂ ಏಳುವುದಿಲ್ಲ. ಅವನ ಗಾಜಿನೊಳಗೆ ಗುಳ್ಳೆಗಳ ಸಂತೆ. ಯಾರು ಏನು ಕೇಳಿಕೊಂಡು ಬಂದರೂ "ಅಕ್ಕನ್ನ ಕೇಳಿ" ಎಂಬ ಒಂದೇ ಉತ್ತರ. ಆ ಮಾತು ಕೇಳಿದಾಗಲೆಲ್ಲ ಪದವಿಯ ಸಮೇತ ಅವನ ಹೊಟ್ಟೆ ಉರಿಯುತ್ತಿತ್ತು.

ವರದಿಯ ಕೊನೆಯಲ್ಲಿ "ಅಳತೆ ಮಾಡಿದವರು" ಎಂದು ಒಂದೇ ಹೆಸರಿಗೆ ಜಾಗವಿತ್ತು. ಅದು ತನ್ನದೇ ಎಂದು ಅವನು ಮನೆಯಲ್ಲಿ ಆಗಲೇ ಡಂಗುರ ಹೊಡೆದಿದ್ದ. ಯಾರ ಹೆಸರೆಂದು ತೀರ್ಮಾನಿಸಲು ಮುಖ್ಯಸ್ಥೆ ಅವನಿಗೂ ಅಕ್ಕನಿಗೂ ಅದೇ ಮೂವತ್ತು ರೆಕ್ಕೆ ಕೊಟ್ಟು, ಎರಡೆರಡು ಸಲ ಅಳೆಸಿದರು. ಅಕ್ಕ ಎರಡನೇ ಸಲ ಕೂತಾಗ ಅವಳಿಗೊಂದು ಸೀನು ಬರಲಿ ಎಂದು ಅವನು ಮನಸ್ಸಿನಲ್ಲೇ ಹರಕೆ ಹೊತ್ತ. ಬರಲಿಲ್ಲ. ಅವಳ ಚುಕ್ಕಿಗಳು ಮೊದಲಿನವುಗಳ ಮೇಲೇ ಹೋಗಿ ಕೂತವು. ಅವನವು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಅಲ್ಲೊಂದು ಇಲ್ಲೊಂದು.

ಹೆಸರು ಅಕ್ಕನದಾಯಿತು.

ಸಂಜೆ ಅವಳು ಚಿಮುಟ ಒರೆಸಿ ಡಬ್ಬಿಗೆ ಹಾಕುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕ, ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಬಾಯಿಬಿಟ್ಟು ಹೇಳ್ತಿದೀನಿ. ನಿಮಗೆ ಯಾರ ಮೇಲೂ ಹಂಗೆ ಆಗೋದೇ ಇಲ್ವಾ?"

"ಆಗುತ್ತಲ್ಲ. ನಿನ್ನ ಮೇಲೆ," ಎಂದಳು ಅಕ್ಕ, ಡಬ್ಬಿ ಮುಚ್ಚುತ್ತ. "ಈ ಕುರ್ಚಿಗೆ ಬರಕ್ಕೆ ನಂಗೆ ಏಳು ವರ್ಷ ಹಿಡೀತು, ನಿಂಗೆ ಬಂದ ದಿನವೇ ಹಾಕ್ಕೊಟ್ರು. ನೀನು ಎಡರೆಕ್ಕೆ ಕಲಸ್ತಾ ಇದ್ದಿದ್ದು ಮೊದಲನೇ ದಿನವೇ ನೋಡಿದ್ದೆ. ಬೇಕಂತಲೇ ಹೇಳಲಿಲ್ಲ."