ಅಪ್ಪ ಅಮ್ಮ ಜಗಳವಾಡಿದ ಇಂಗ್ಲಿಷು

ಮಗಳು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ಕಾಫಿ ಹೊತ್ತಿಗೆ ಮೊಬೈಲು ಹಿಡಿದು ಜಗಲಿಯಲ್ಲಿ ಕೂತು, ಯಾರೂ ಎಲ್ಲೂ ಬಳಸದ ಇಂಗ್ಲಿಷ್ ಶಬ್ದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ. ಅವಳಿಗೆ ಧಾರವಾಡದ ಕಾಲೇಜೇ ಆಗಬೇಕು. ನಾನು ಹಾಸ್ಟೆಲಿನ ಊಟ, ಅಲ್ಲಿಯ ಬಿಸಿಲು ಅಂತ ಏನಾದರೊಂದು ಹೇಳಿ ದಿನ ದೂಡುತ್ತಿದ್ದೆ. ಮೊನ್ನೆ ಅವಳು "ಪ್ರಿವ್ಯಾರಿಕೇಟ್" ಅಂದಳು. ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಒಳಗಿನಿಂದಲೇ, "ನೇರ ಉತ್ತರ ಕೊಡದೆ ಜಾರಿಕೊಳ್ಳೋದು" ಅಂದೆ. ಆಮೇಲೆ ಇಂಟ್ರಾನ್ಸಿಜೆಂಟ್ ಬಂತು, ಪ್ರಿಪಾಸ್ಟರಸ್ ಬಂತು, ಕ್ಯಾಂಟ್ಯಾಂಕರಸ್ ಬಂತು. ಒಂದನ್ನೂ ಬಿಡಲಿಲ್ಲ ನಾನು. ಸೊಸೈಟಿಯಲ್ಲಿ ಗುಮಾಸ್ತೆಯಾಗಿರುವ ಅಮ್ಮನಿಗೆ ಇದೆಲ್ಲ ಎಲ್ಲಿಂದ ಬಂತು ಅಂತ ಮಗಳು ಅಡುಗೆಮನೆ ಬಾಗಿಲಿಗೇ ಬಂದು ನಿಂತಳು.

ಮನೆಯಲ್ಲೇ ಕಲಿತದ್ದು, ನಿನ್ನ ಅಜ್ಜ ಅಜ್ಜಿ ಜಗಳ ಆಡುವುದನ್ನು ಕೇಳಿ ಕೇಳಿ ಅಂದರೆ ಅವಳು ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಆದರೂ ಕೇಳಿ.

ತೀರ್ಥಹಳ್ಳಿಯ ಪೇಟೆಯಲ್ಲಿ ನಮ್ಮದು ಓಣಿಯೊಳಗಿನ ಚಿಕ್ಕ ಮನೆ. ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕ, ಪೆನ್ನಿನ ಅಂಗಡಿ. ಅಮ್ಮ ಬಿ.ಎಡ್. ಮಾಡಿಕೊಂಡು ಮನೆಯಲ್ಲೇ ಇದ್ದಳು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಮಹಾ ಮೆದು ಜೀವ. ಮನೆಯಲ್ಲಿ ಯಾರಾದರೂ ಒಂದು ದನಿ ಏರಿಸಿದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು, ಆ ಹೊತ್ತಿನ ಊಟ ಮುಗಿದ ಹಾಗೆಯೇ. ಮುದುಕಿಯನ್ನು ಉಪವಾಸ ಕೆಡವಿದ ಪಾಪ ಯಾರಿಗೆ ಬೇಕು ಹೇಳಿ? ಹಾಗಾಗಿ ಅಪ್ಪ ಅಮ್ಮ ಮೆತ್ತಗಿನ ದನಿಯಲ್ಲಿ, ಸಾಧ್ಯವಾದಷ್ಟು ನಗುಮುಖ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ಜಗಳ ಮಾಡುತ್ತಿದ್ದರು. ಮಾಮೂಲಿ ಇಂಗ್ಲಿಷು ಉಪಯೋಗಕ್ಕೆ ಬರುತ್ತಿರಲಿಲ್ಲ. ಈಡಿಯಟ್, ನಾನ್ಸೆನ್ಸ್ ಎಲ್ಲ ಅಜ್ಜಿಗೂ ಗೊತ್ತಿತ್ತು, ನನಗಂತೂ ಗೊತ್ತೇ ಇತ್ತು. ಆದ್ದರಿಂದ ಅವರು ಡಿಕ್ಷನರಿಯ ಮೂಲೆಮೂಲೆಯಿಂದ ಶಬ್ದ ಹೆಕ್ಕಿ ತರಬೇಕಾಯಿತು. ಅಪ್ಪನಿಗೆ ಅಂಗಡಿಯಲ್ಲೇ ಡಿಕ್ಷನರಿ ಇತ್ತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಸಂಜೆಯ ಜಗಳಕ್ಕೆ ತಯಾರಾಗಿ ಬರುತ್ತಿದ್ದರು.

ಎಷ್ಟೋ ಸಲ ಒಬ್ಬರು ಎಸೆದ ಶಬ್ದ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಬೈಸಿಕೊಂಡವರಿಗೆ ಬೈಗುಳವೇ ತಿಳಿಯದಿದ್ದರೆ ಏನು ಮಾಡುವುದು? ಅಮ್ಮ ಜಗಳ ನಿಲ್ಲಿಸಿ ಹಂಗಂದ್ರೆ ಎಂತ ಅಂತ ಕೇಳುವಳು, ಅಪ್ಪ ಮೇಷ್ಟ್ರ ಹಾಗೆ ಇಂಗ್ಲಿಷಿನಲ್ಲೇ ಅರ್ಥ ವಿವರಿಸುವರು, ಅರ್ಥವಾದ ಮೇಲೆ ಅಮ್ಮ ಸಿಟ್ಟು ಮುಂದುವರಿಸುವಳು. ಅಜ್ಜಿ ಪಕ್ಕದ ಮನೆಯವರ ಹತ್ತಿರ, ನಮ್ಮಲ್ಲಿ ಗಂಡ ಹೆಂಡತಿ ಎಷ್ಟು ಅನ್ಯೋನ್ಯ ಅಂದರೆ ಸಂಜೆಯಿಡೀ ಇಂಗ್ಲಿಷಿನಲ್ಲೇ ಮಾತಾಡಿಕೊಳ್ಳುತ್ತಾರೆ ಅಂತ ಹೇಳಿಕೊಂಡು ಬೀಗುತ್ತಿದ್ದರು.

ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಈ ಜಗಳ ಒಂದೇ ವಿಷಯಕ್ಕೆ ಬಂದು ನಿಂತಿತು. ಅಮ್ಮನಿಗೆ ಸಾಗರದ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತ್ತು. ದಿನಾ ಹೋಗಿ ಬರುವ ದಾರಿಯಲ್ಲ ಅದು. ಅಲ್ಲೇ ರೂಮು ಮಾಡಿಕೊಂಡು ಶನಿವಾರ ಬಂದು ಸೋಮವಾರ ಹೋಗಬೇಕು. ಅಪ್ಪ ಬೇಡ ಅನ್ನುತ್ತಿದ್ದರು, ಅಮ್ಮ ಹೋಗಿಯೇ ಹೋಗುತ್ತೇನೆ ಅನ್ನುತ್ತಿದ್ದಳು. ಅಷ್ಟು ಮಾತ್ರ ನನಗೆ "ಸಾಗರ" ಅನ್ನುವ ಶಬ್ದದಿಂದ, ನಡುನಡುವೆ ಕೇಳುವ ನೋ, ಗೋ ಗಳಿಂದ ಗೊತ್ತಾಗಿತ್ತು. ಅಮ್ಮ ನಿಜವಾಗಿ ಹೋಗಿಬಿಡುತ್ತಾಳಾ? ಕನ್ನಡದಲ್ಲಿ ಕೇಳಲು ಹೆದರಿಕೆ, ಅಜ್ಜಿ ಇದ್ದರಲ್ಲ. ಅದಕ್ಕೆ ರಾತ್ರಿ ಕೇಳಿದ ಶಬ್ದಗಳನ್ನು ಬಾಯಲ್ಲಿ ಹಿಡಿದುಕೊಂಡು ಹೋಗಿ ಬೆಳಿಗ್ಗೆ ಇಂಗ್ಲಿಷ್ ಮೇಷ್ಟ್ರ ಮುಂದೆ ಸುರಿಯುತ್ತಿದ್ದೆ. ಇಂಟ್ರಾನ್ಸಿಜೆಂಟ್ ಅಂದರೆ ಒಂದಿಷ್ಟೂ ಬಗ್ಗದವರು. ಇರ್ರೆವೊಕೆಬಲ್ ಅಂದರೆ ಇನ್ನು ಬದಲಾಯಿಸುವ ಹಾಗಿಲ್ಲದ್ದು. ಎರಡನೆಯದು ಅಮ್ಮನ ಬಾಯಿಂದ ಬಂದದ್ದು. ಅದರ ಅರ್ಥ ತಿಳಿದ ದಿನ ಕ್ಲಾಸಿನಲ್ಲಿ ನನಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಮೇಷ್ಟ್ರಿಗೆ ಇದು ಯಾವುದೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ನಾನು ಓಣಿಯೊಳಗೆ ಹುಟ್ಟಿದ ಮಹಾ ಪ್ರತಿಭೆ. ಹೊಸನಗರದಲ್ಲಿ ಸುತ್ತಿನ ತಾಲ್ಲೂಕುಗಳ ಶಾಲೆಗಳಿಗೆಲ್ಲ ಇಂಗ್ಲಿಷ್ ಶಬ್ದಗಳ ಸ್ಪರ್ಧೆ ಇಟ್ಟಾಗ ಅವರು ನನ್ನ ಹೆಸರನ್ನೇ ಕೊಟ್ಟರು. ಅಪ್ಪ ಹಿಗ್ಗಿ ಅಂಗಡಿಗೆ ಬಾಗಿಲು ಹಾಕಿ, ಅಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ವೇದಿಕೆಯ ಮೇಲೆ ಶಬ್ದ ಕೊಡುತ್ತಾರೆ, ನಾವು ಅರ್ಥ ಹೇಳಿ ಒಂದು ವಾಕ್ಯದಲ್ಲಿ ಬಳಸಬೇಕು. ಅರ್ಥ ನನಗೆ ಗೊತ್ತು. ವಾಕ್ಯಕ್ಕೆ ಎಲ್ಲಿಗೆ ಹೋಗಲಿ? ನನಗೆ ಬರುತ್ತಿದ್ದದ್ದು ನಮ್ಮ ಮನೆಯ ವಾಕ್ಯಗಳು ಮಾತ್ರ. ಇಂಟ್ರಾನ್ಸಿಜೆಂಟ್ ಬಂದಾಗ ತೀರ್ಪುಗಾರರ ಮುಖ ನೋಡಿಕೊಂಡೇ, ಅಮ್ಮನ ದನಿಯಲ್ಲೇ, ಅಪ್ಪಟ ಇಂಗ್ಲಿಷಿನಲ್ಲಿ, ಸಾಗರದ ಕೆಲಸದ ವಿಷಯದಲ್ಲಿ ನೀವು ಇಂಟ್ರಾನ್ಸಿಜೆಂಟ್ ಆಗಿದ್ದೀರಿ ಅಂದೆ. ಆ ಮನುಷ್ಯ ಬೆಚ್ಚಿಬಿದ್ದ. ಪ್ರಿಪಾಸ್ಟರಸ್, ಅಂದರೆ ತಲೆಬುಡವಿಲ್ಲದ್ದು, ಬಂದಾಗ ಅಪ್ಪನ ದನಿಯಲ್ಲಿ, ನೀನು ರೂಮು ಮಾಡಿಕೊಂಡು ಇರುವುದು ಪ್ರಿಪಾಸ್ಟರಸ್ ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮ ಇಬ್ಬರೇ ನಗಲಿಲ್ಲ. ನನಗೆ ಎರಡನೆಯ ಬಹುಮಾನ ಬಂತು, ಒಂದು ಸ್ಟೀಲಿನ ಲೋಟ.

ಸಂಜೆಯ ಬಸ್ಸಿಗೆ ವಾಪಸ್ಸು ಬಂದೆವು. ಮಗಳಿಗೆ ಎಲ್ಲ ಗೊತ್ತು ಅಂದಮೇಲೆ ಅವರ ಇಂಗ್ಲಿಷು ಇನ್ನು ಯಾವ ಕೆಲಸಕ್ಕೆ? ಊಟಕ್ಕೆ ಕೂತಾಗ ಅಮ್ಮ ಅನ್ನದ ಸೌಟು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಅತ್ತೆ, ನಂಗೆ ಸಾಗರದಲ್ಲಿ ಕೆಲ್ಸ ಸಿಕ್ಕಿದೆ. ನಾನು ಹೋಗ್ಬೇಕು. ಇವ್ರು ಬೇಡ ಅಂತಾರೆ. ಯಾಕೆ ಅಂತ ನಿಮ್ಮೆದುರಿಗೇ ಹೇಳ್ಲಿ."

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. ಈಗ ಎದ್ದರು ಅಂದುಕೊಂಡೆ. ಅಪ್ಪ ದೂರ ಅಂದರು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬಸ್ಸು ಸರಿಯಿಲ್ಲ ಅಂದರು. ಕೊನೆಗೆ ಸ್ವಂತ ತಾಯಿಯ ಎದುರಿಗೆ, ಮಗಳ ಎದುರಿಗೆ, ತಟ್ಟೆ ನೋಡಿಕೊಂಡು ಅಂದರು:

"ನೀನಿಲ್ದಿದ್ರೆ ನಂಗೆ ಬೇಜಾರಾಗ್ತದೆ ಮಾರಾಯ್ತಿ."

ಅಮ್ಮನ ಕಣ್ಣಲ್ಲಿ ನೀರು ಬಂತು. ಸೌಟು ತೆಗೆದುಕೊಂಡು ಅಪ್ಪನಿಗೆ ಅನ್ನ ಬಡಿಸುತ್ತ, "ನಂಗೂ ಆಗ್ತದೆ. ಆದ್ರೂ ಹೋಗ್ತೀನಿ" ಅಂದಳು. ಅಪ್ಪ ತಲೆ ಆಡಿಸಿದರು. ಅಜ್ಜಿ ಏಳಲಿಲ್ಲ, ಸ್ವಲ್ಪ ಮಜ್ಜಿಗೆ ಹಾಕು ಅಂದರು. ಆ ಸೋಮವಾರ ಅಮ್ಮನ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದವರು ಅಪ್ಪನೇ. ಅಮ್ಮ ರಿಟೈರ್ ಆಗುವವರೆಗೂ ಸೋಮವಾರ ಬೆಳಿಗ್ಗೆ ಅಪ್ಪನ ಮುಖ ಸಪ್ಪಗೇ ಇರುತ್ತಿತ್ತು. ಇಬ್ಬರೂ ಆಮೇಲೆ ಜಗಳ ಬಿಟ್ಟರು ಅಂತಲ್ಲ. ಶನಿವಾರ ಶನಿವಾರ ಆಡುತ್ತಿದ್ದರು, ಕನ್ನಡದಲ್ಲೇ, ಓಣಿಗೆಲ್ಲ ಕೇಳುವ ಹಾಗೆ. ಅಜ್ಜಿಗೂ ಅಭ್ಯಾಸವಾಯಿತು.

ಇಷ್ಟು ಹೇಳುವಷ್ಟರಲ್ಲಿ ಅವಲಕ್ಕಿ ತಳ ಹಿಡಿದಿತ್ತು. ಮಗಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಮೊಬೈಲನ್ನು ಮಗುಚಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ಧಾರವಾಡಕ್ಕೆ ಹೋದ್ರೆ ನಿಂಗೆ ಬೇಜಾರಾಗ್ತದಾ ಅಮ್ಮ?"

ಹಾಸ್ಟೆಲಿನ ಊಟದ ಮಾತು ನಾಲಗೆಯ ತುದಿಗೇ ಬಂದಿತ್ತು. ಒಲೆ ಆರಿಸಿದೆ. ಅವಳು ಹೋದ ಮೇಲೆ ಈ ಜಗಲಿಯಲ್ಲಿ ಸಂಜೆ ಹೇಗೆ ಕಳೆಯುತ್ತೇನೋ ನನಗೆ ಗೊತ್ತಿಲ್ಲ.

"ಆಗ್ತದೆ ಕಣೇ," ಅಂದೆ. "ಇವತ್ತೇ ಅರ್ಜಿ ಹಾಕು."