ಹಳೇ ಕಾರಿಗೆ ಹೊಸ ಬುದ್ಧಿ

ನಮ್ಮ ಅತ್ತೆಯವರು ನಮ್ಮ ಕಾರಿನಿಂದ ಇಳಿದು ನಡೆದುಹೋದದ್ದು ಕೋಲಾರದ ಆಚೆ ಒಂದು ಗುಡ್ಡದ ಏರಿನಲ್ಲಿ. ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಹೆಂಡತಿಯ ತವರಿನವರೆಲ್ಲ ಮನೆದೇವರ ದರ್ಶನಕ್ಕೆ ಆ ಗುಡ್ಡ ಹತ್ತುತ್ತಾರೆ. ಮೊದಲೆಲ್ಲ ಬಾಡಿಗೆ ವ್ಯಾನಿನಲ್ಲಿ ಹೋಗುತ್ತಿದ್ದರು. ಇಬ್ಬರು ಅಳಿಯಂದಿರಿಗೂ ಕಾರು ಬಂದ ಮೇಲೆ ವ್ಯಾನು ನಿಂತಿತು, ಅದರ ಜೊತೆಗೆ ಒಂದಿಷ್ಟು ನೆಮ್ಮದಿಯೂ ನಿಂತಿತು. ಆ ದಿನ ಅತ್ತೆ ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಏರು ಶುರುವಾದದ್ದೇ ಕಾರು ಏದುಸಿರು ಬಿಡತೊಡಗಿತು. ಎರಡು ತಿರುವು ಹೇಗೋ ದಾಟಿದೆವು. ಮುಂದಿನ ತಿರುವಿನಲ್ಲಿ ಅತ್ತೆ ಮಗಳಿಗೆ, "ನಿಲ್ಲಿಸೋಕೆ ಹೇಳು," ಎಂದರು. ಇಳಿದರು, ಬುಟ್ಟಿಯನ್ನು ಸೊಂಟಕ್ಕೇರಿಸಿದರು, ನಡೆದೇಬಿಟ್ಟರು. ಹಿಂದಿನಿಂದ ಬಂದ ಷಡ್ಡಕನ ಕಾರು ನಮ್ಮನ್ನು ದಾಟಿ ಅವರ ಪಕ್ಕದಲ್ಲಿ ನಿಂತಿತು, ಬಾಗಿಲು ತೆರೆಯಿತು, ಅತ್ತೆ ಹತ್ತಿದರು. ಆಮೇಲೆ ಅದು ನಮ್ಮನ್ನು ಅಲ್ಲೇ ಬಿಟ್ಟು ಮೇಲಕ್ಕೆ ಹೋಯಿತು. ಹಾರ್ನ್ ಕೂಡ ಮಾಡಲಿಲ್ಲ. ಅಷ್ಟು ಸಭ್ಯತೆ ತಡೆದುಕೊಳ್ಳುವುದು ಕಷ್ಟ.

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೆ.ಆರ್. ಪುರದ ಹಳೇ ಮನೆತನ, ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದು ನಿಂತಿವೆ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು. ಆ ಸಂಜೆ ಪ್ರಸಾದದ ದೊನ್ನೆ ಹಿಡಿದುಕೊಂಡು ಬಂದು, ಅತ್ತೆ ಇನ್ನು ಮೇಲೆ ನನ್ನ ಕಾರಲ್ಲೇ ಆರಾಮಾಗಿ ಬರಲಿ ಬಿಡು ಗುರು, ನೀನ್ಯಾಕೆ ಟೆನ್ಷನ್ ಮಾಡ್ಕೋತೀಯ ಎಂದು ಬೆನ್ನು ತಟ್ಟಿದ. ಇದನ್ನು ನನ್ನ ಹೆಂಡತಿ ಕೇಳಿಸಿಕೊಂಡಳು. ಕುಕ್ ಟೌನಿನ ನಮ್ಮ ಮನೆಯ ಗೇಟು ತೆರೆಯುವಾಗ ಅಂದಳು.

"ಮುಂದಿನ ಕಾರ್ತಿಕಕ್ಕೆ ಅಮ್ಮ ನಮ್ಮ ಕಾರಲ್ಲೇ ಗುಡ್ಡ ಹತ್ತಬೇಕು. ಅಕ್ಕನ ಕಾರಲ್ಲಲ್ಲ. ಅದೇನ್ ಮಾಡ್ತೀರೋ ಮಾಡಿ."

ಅತ್ತೆ ಯಾಕೆ ಇಳಿದರು ಎಂದು ಅವರನ್ನೇ ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಕೇಳುವ ಹಾಗಿರಲಿಲ್ಲ. ಹಲಸೂರಿನ ಹೆಂಡತಿಯ ತವರಿನಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡುವುದು ಮರ್ಯಾದೆಯಲ್ಲ. ನಾನು ಅವರ ಎದುರಿಗೇ ತಟ್ಟೆಯ ಮುಂದೆ ಕೂತಿದ್ದರೂ, ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಎಂದು ಮಗಳಿಗೆ ಹೇಳುತ್ತಾರೆ. ಮಗಳು ನನ್ನ ಕಡೆ ತಿರುಗಿ, ಮುದ್ದೆ ಬೇಕಾ ಅನ್ನುತ್ತಾಳೆ. ಬೇಡ ಅನ್ನುತ್ತೇನೆ. ಬೇಡವಂತೆ ಅನ್ನುತ್ತಾಳೆ. ಇಷ್ಟರಲ್ಲಿ ಮುದ್ದೆ ತಟ್ಟೆಗೆ ಬಿದ್ದಿರುತ್ತದೆ. ಇಂಥ ದಾರಿಯಲ್ಲಿ ಮುದ್ದೆಯ ವಿಷಯವೇ ಸರಿಯಾಗಿ ದಾಟುವುದಿಲ್ಲ, ಮನಸ್ಸಿನ ವಿಷಯ ದಾಟೀತೇ? ಹಾಗಾಗಿ ಕಾರಿಗೆ ಎಳೆತವಿಲ್ಲ, ಅದಕ್ಕೇ ಇಳಿದರು ಎಂದು ಎಲ್ಲರೂ ತೀರ್ಮಾನಿಸಿದೆವು.

ತೀರ್ಮಾನಕ್ಕೆ ಕಾರಣವೂ ಇತ್ತು. ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಮೊದಲು ಯಾವುದೋ ಟ್ರಾವೆಲ್ಸಿನಲ್ಲಿ ದುಡಿದು, ತಿರುಪತಿಗೆ ಎಷ್ಟೋ ಸಲ ಹೋಗಿಬಂದು, ಪುಣ್ಯವನ್ನೂ ಕಿಲೋಮೀಟರನ್ನೂ ಸಮನಾಗಿ ಸಂಪಾದಿಸಿತ್ತು. ಮೀಟರು ಎರಡು ಲಕ್ಷ ದಾಟಿದ ಮೇಲೆ ನಾನು ಅದನ್ನು ಹೃದ್ರೋಗಿಯ ಹಾಗೆ ನಡೆಸುತ್ತಿದ್ದೆ. ಎಂಜಿನ್ ಸ್ವಲ್ಪ ದನಿ ಎತ್ತಿದರೆ ಸಾಕು, ಪಾಪ ಅನ್ನಿಸಿ ಮೇಲಿನ ಗೇರಿಗೆ ಹಾಕಿಬಿಡುತ್ತಿದ್ದೆ.

ರೀಮ್ಯಾಪ್ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಇಂದಿರಾನಗರದಲ್ಲಿ. ಮೆಟ್ರೋ ಕಂಬಗಳು ಆಗಿನ್ನೂ ತಲೆಯಿಲ್ಲದೆ ನಿಂತಿದ್ದ ಕಾಲ. ಅಲ್ಲಿನ ಒಂದು ಗಾಜಿನ ಅಂಗಡಿಯಲ್ಲಿ ಕಾರುಗಳ ಶಕ್ತಿ ಹೆಚ್ಚಿಸಿ ಕೊಡುತ್ತಿದ್ದರು. ಒಳಗೆ ಎಣ್ಣೆಯ ಒಂದು ಚುಕ್ಕೆಯೂ ಇಲ್ಲ. ಏಸಿ, ಸೋಫಾ, ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬ ಯುವಕ. ಅವನು ವಿವರಿಸಿದ್ದು ಇಷ್ಟು: ಕಾರಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಯಾವಾಗ ಎಷ್ಟು ಡೀಸೆಲ್ ಬಿಡಬೇಕು, ಎಷ್ಟು ಗಾಳಿ ತುಂಬಬೇಕು ಎಂದು ಕಂಪನಿಯವರು ಅದರಲ್ಲಿ ಬರೆದಿರುತ್ತಾರೆ. ಇವನು ಸ್ಟಿಯರಿಂಗಿನ ಕೆಳಗೆ ವೈರು ಚುಚ್ಚಿ ಅದನ್ನು ಅಳಿಸಿ, ಧಾರಾಳವಾಗಿ ಬರೆಯುತ್ತಾನೆ. ಬಾನೆಟ್ ಕೂಡ ಎತ್ತಬೇಕಾಗಿಲ್ಲ.

"ಬರೀತಾ ಇರೋವಾಗ ಕರೆಂಟು ಹೋದ್ರೆ?" ಎಂದು ಕೇಳಿದೆ.

"ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇರುತ್ತೆ ಸರ್."

"ಕಾರಿನ ಬ್ಯಾಟರಿ ಹೋದ್ರೆ?"

"ಚಾರ್ಜರ್ ಹಾಕಿರ್ತೀವಿ ಸರ್."

"ಚಾರ್ಜರಿಗೆ ಕರೆಂಟು ಬೇಕಲ್ಲ?"

ಅವನು ನನಗೂ ತನಗೂ ಕಾಫಿ ತರಿಸಿ, ಮನೇಲಿ ಒಂದ್ಸಲ ಕೇಳ್ಕೊಂಡು ಬನ್ನಿ ಸರ್ ಎಂದು ಕಳಿಸಿಕೊಟ್ಟ. ಅರ್ಧ ಬರೆದು ನಿಂತ ಬುದ್ಧಿಯ ಕಾರು ಹೇಗಿರುತ್ತದೆ ಎಂದು ಊಹಿಸುತ್ತ ಹಲಸೂರು ಕೆರೆಯ ಬದಿಯಲ್ಲಿ ಮೂವತ್ತರ ವೇಗದಲ್ಲಿ ಮನೆಗೆ ಬಂದೆ.

ಎರಡನೆಯ ಅಭಿಪ್ರಾಯಕ್ಕೆ ಶಿವಾಜಿನಗರದಲ್ಲಿ ನನ್ನ ಹಳೆಯ ಮೆಕ್ಯಾನಿಕ್ ಇದ್ದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿ. ಒಂದು ಕಡೆ ಕಟ್‌ಪೀಸ್ ಬಟ್ಟೆ, ಇನ್ನೊಂದು ಕಡೆ ಕುರಿ ತಲೆ, ನಡುವೆ ಇವರ ಶೆಡ್ಡು. ನನ್ನ ಚಿಂತೆಗಳನ್ನು ಅವರು ಯಾವತ್ತೂ ಬೈದವರಲ್ಲ. ಅವರ ಸಂಸಾರದ ಒಂದು ಭಾಗ ಅದರಿಂದಲೇ ನಡೆಯುತ್ತಿತ್ತು. ಈ ಸಲವೂ ಸಮಾಧಾನದಿಂದ ಕೇಳಿಸಿಕೊಂಡು, ಕೈ ಒರೆಸಿಕೊಂಡರು.

"ಮಾಡ್ಸಿ ಸಾಬ್, ನಾನ್ ಬೇಡ ಹೇಳಲ್ಲ. ಆದ್ರೆ ಅರವತ್ತು ವಯಸ್ಸಿನ ಆದ್ಮಿಗೆ ಇಪ್ಪತ್ತು ವಯಸ್ಸಿನ ದಿಮಾಗ್ ಕೊಟ್ರೆ ಮೊಣಕಾಲು ಏನ್ ಮಾಡ್ಬೇಕು?"

ಹಾಗಾದರೆ ಬೇಡವೇ ಎಂದೆ. ಬೇಡ ಅಂತ ಅಲ್ಲ, ಗಾಡಿ ಗಟ್ಟಿಯಾಗಿದೆ ಎಂದರು. ಹಾಗಾದರೆ ಮಾಡಿಸಲೇ ಎಂದೆ. ಮಾಡಿಸಿದರೆ ಎಂಜಿನ್ನಿಗೆ ಗಾಳಿ ಊದುವ ಟರ್ಬೋ ಮೇಲೆ ಭಾರ ಬೀಳುತ್ತೆ ಎಂದರು. ಒಟ್ಟಿನಲ್ಲಿ ಮಾಡಿಸುವುದಾದರೆ ಕ್ಲಚ್ ಬದಲಿಸಲೇಬೇಕು, ಮಾಡಿಸದಿದ್ದರೂ ಕ್ಲಚ್ ಬದಲಿಸುವುದು ಒಳ್ಳೆಯದು ಎಂಬಲ್ಲಿಗೆ ಮಾತು ನಿಂತಿತು. ಕ್ಲಚ್ ಬದಲಿಸಿದೆ. ಪರೀಕ್ಷೆಗೆಂದು ಕೆ.ಆರ್. ಪುರದ ತೂಗುಸೇತುವೆ ಹತ್ತಿಸಿದೆ. ಕೋಸು ತುಂಬಿದ ಒಂದು ಟೆಂಪೋ ನನ್ನನ್ನು ದಾಟಿತು. ಅದರ ಹಿಂದೆ ಎರಡು ಬಸ್ಸುಗಳು, ಅವುಗಳ ಹಿಂದೆ ಗ್ಯಾಸ್ ಸಿಲಿಂಡರು ಕಟ್ಟಿಕೊಂಡಿದ್ದ ಒಂದು ಸ್ಕೂಟರು.

ಶ್ರಾವಣ ಬಂತು, ಹೋಯಿತು. ನಾನು ಒಂದು ವಾರ ಮಾಡಿಸುವುದೆಂದೂ ಇನ್ನೊಂದು ವಾರ ಬೇಡವೆಂದೂ ತೂಗಾಡುತ್ತಲೇ ಇದ್ದೆ. ಇಂದಿರಾನಗರದ ಯುವಕ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದ್ದ. ದಸರೆಯ ಹೊತ್ತಿಗೆ ಹೆಂಡತಿಗೆ ಸಾಕಾಯಿತು. ಅವರ ಮನೆಯಲ್ಲಿ ಇಂಥದ್ದಕ್ಕೆಲ್ಲ ಒಂದೇ ದಾರಿ. ಸಂಬಂಧ ಕುದುರಿಸುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ಹಲಸೂರಿನ ಅಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ಅಮ್ಮನ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ಕೇಳುವವನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ.

ಒಂದು ಮಂಗಳವಾರ ಬೆಳಿಗ್ಗೆ ಹೋದೆವು. ಅತ್ತೆಯೂ ಬಂದರು. ಏನು ಕೇಳುವುದಕ್ಕೆಂದು ಅವರಿಗೆ ಹೇಳಿರಲಿಲ್ಲ. ಪೂಜಾರಿ ಹೂ ಅಂಟಿಸಿ ಕೇಳ್ಕೊಳ್ಳಿ ಎಂದರು. ನಾನು ಕಣ್ಣು ಮುಚ್ಚಿದೆ. ತಾಯೀ, ರೀಮ್ಯಾಪ್ ಮಾಡಿಸಲೇ? ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಪೂರ್ತಿ ವಿಷಯ ತಿಳಿಸದೆ ದೇವರಿಂದ ಅಭಿಪ್ರಾಯ ಪಡೆಯುವುದು ಸರಿಯಲ್ಲ ಅನ್ನಿಸಿತು. ಮಾಡಿಸಿದ ಮೇಲೂ ಟರ್ಬೋ ಉಳಿಯುವುದಾದರೆ ಬಲಗಡೆ ಕೊಡು. ಟರ್ಬೋ ಉಳಿದು ಮೈಲೇಜು ಬೀಳುವುದಾದರೆ ಎಡಗಡೆ. ಪೂರ್ತಿ ಪವರ್ ಬೇಡ, ಅರ್ಧ ಏರಿಸಿದರೆ ಸಾಕು ಅನ್ನುವುದಾದರೂ ಬಲಗಡೆಯೇ ಇರಲಿ, ಆದರೆ ನಿಧಾನಕ್ಕೆ ಬೀಳಲಿ. ಕರೆಂಟಿನ ವಿಷಯವನ್ನೂ ಅರಿಕೆ ಮಾಡಿಕೊಂಡೆ. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಕೆಮ್ಮಿದರು.

ಎರಡೂ ಹೂಗಳು ಒಟ್ಟಿಗೆ ಬಿದ್ದವು.

ಪೂಜಾರಿ ಹೂಗಳನ್ನು ನೋಡಿದರು, ನನ್ನನ್ನು ನೋಡಿದರು, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಎಂದರು. ಪ್ರಾಂಗಣದ ಬೇವಿನ ಕಟ್ಟೆಯ ಹತ್ತಿರ ನಿಂತೆವು. ಅತ್ತೆ ಎಂದಿನಂತೆ ಮಗಳ ಕಡೆ ತಿರುಗಲಿಲ್ಲ. ಗಾಬರಿಯಲ್ಲಿ ಮರೆತರೋ ಏನೋ, ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ಅಂಥದ್ದೇನು ಕೇಳ್ಕೊಂಡ್ರಿ?"

ನಾನು ತೊದಲುತ್ತ ಹೇಳಿದೆ. ಕಾರಿಗೆ ಶಕ್ತಿ ಸಾಲದು, ನೀವು ಏರಿನಲ್ಲಿ ಇಳಿದುಬಿಟ್ಟಿರಲ್ಲ, ಅದಕ್ಕೆ ಒಂದು ರಿಪೇರಿ ಮಾಡಿಸಬೇಕೋ ಬೇಡವೋ ಅಂತ.

"ಗಾಡಿ ಹತ್ತುತಾನೇ ಇತ್ತಲ್ಲ. ಗಾಡಿಗೇನಾಗಿತ್ತು?"

"ಮತ್ತೆ ಯಾಕಮ್ಮ ಇಳಿದೆ?" ಎಂದಳು ನನ್ನ ಹೆಂಡತಿ.

ಅತ್ತೆ ಸೆರಗು ಸರಿಮಾಡಿಕೊಂಡರು. "ಇವರು ತಿರುವು ತಿರುವಿಗೂ ಕನ್ನಡೀಲಿ ನನ್ನೇ ನೋಡ್ತಿದ್ರು. ಇಷ್ಟು ದಪ್ಪದ ಹೆಂಗಸನ್ನ ಯಾಕಾದ್ರೂ ಹತ್ತಿಸ್ಕೊಂಡ್ನೋ ಅನ್ನೋ ಥರ. ಗುಡ್ಡದ ಬುಡದಲ್ಲೂ ಭಾರ ಏನಾದ್ರೂ ಆ ಕಾರಿಗೆ ಹಾಕೋಣ್ವಾ ಅಂದ್ರು. ನಂಗೇನು ಅರ್ಥ ಆಗಲ್ವಾ? ಅದಕ್ಕೇ ಇಳಿದೆ."

ಭಾರ ಎಂದು ನಾನು ಹೇಳಿದ್ದು ಡಿಕ್ಕಿಯಲ್ಲಿದ್ದ ಅನ್ನದ ಕೊಳಗವನ್ನು. ಕನ್ನಡಿಯಲ್ಲಿ ನೋಡಿದ್ದು ಅತ್ತೆಯನ್ನಲ್ಲ, ಅವರ ತಲೆಯ ಮೇಲಿಂದ ಹಿಂದಿನ ಗಾಜಿನಾಚೆ, ಸೈಲೆನ್ಸರಿನಿಂದ ಹೊಗೆ ಏನಾದರೂ ಬರುತ್ತಿದೆಯೋ ಎಂದು. ಇದನ್ನೆಲ್ಲ ಹೇಳಿದೆ. ಅತ್ತೆ ನಂಬಿದಂತೆ ಕಾಣಲಿಲ್ಲ. ಹೆಂಡತಿ ನನ್ನ ನೆರವಿಗೆ ಬಂದು, ಮಲಗೋವಾಗ್ಲೂ ಅವರ ಮುಖ ಹಾಗೇ ಇರುತ್ತಮ್ಮ, ಗ್ಯಾಸ್ ಆಫ್ ಮಾಡಿದ್ಯಾ ಅಂತ ನೋಡೋದೂ ಹಾಗೇನೇ ಎಂದಳು. ಆಗ ನಂಬಿದರು. ಒಂದು ವರ್ಷ ಆ ಹೆಂಗಸು ತನ್ನ ತೂಕದ ಬಗ್ಗೆ ಕೊರಗಿದ್ದರು. ಅದೇ ವರ್ಷ ನಾನು ಟರ್ಬೋದ ಬಗ್ಗೆ ಕೊರಗಿದ್ದೆ. ನಡುವೆ ಒಂದು ಮಾತು ಆಡಿದ್ದರೆ ಕ್ಲಚ್ಚಿನ ದುಡ್ಡಾದರೂ ಉಳಿಯುತ್ತಿತ್ತು.

"ಈ ಸಲ ನಾನು ಮುಂದೆ ಕೂರ್ತೀನಿ," ಎಂದರು ಅತ್ತೆ. "ಆಗ ಹೆಂಗೆ ಕನ್ನಡೀಲಿ ನೋಡ್ತಾರೋ ನೋಡೋಣ."

ಕಾರ್ತಿಕ ಬಂತು. ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಬುಟ್ಟಿ ಹಿಡಿದು ನೆಟ್ಟಗೆ ಕೂತಿದ್ದಳು. ಮುಂದೆ ಅತ್ತೆ, ಸೀಟ್ ಬೆಲ್ಟನ್ನು ಪಟ್ಟದ ಹಾಗೆ ಧರಿಸಿ. ಷಡ್ಡಕನ ಕಾರು ನಮ್ಮ ಮುಂದಿತ್ತು. ಏರು ಶುರುವಾಯಿತು. ಎಂಜಿನ್ನು ದನಿ ಎತ್ತಿತು. ನನ್ನ ಕೈ ಅಭ್ಯಾಸದಂತೆ ಮೇಲಿನ ಗೇರಿಗೆ ಹೋಯಿತು.

"ಒತ್ರಿ," ಎಂದರು ಅತ್ತೆ.

ಎಂಜಿನ್ನಿಗೆ ತ್ರಾಸ ಆಗುತ್ತೆ ಅತ್ತೆ ಎಂದೆ.

"ಅದರ ಕಷ್ಟ ಅದು ನೋಡ್ಕೊಳ್ಳುತ್ತೆ. ನೀವು ಒತ್ರಿ."

ಗೇರಿನಿಂದ ಕೈ ತೆಗೆದು ಆಕ್ಸಿಲರೇಟರ್ ಒತ್ತಿದೆ. ಆ ಪೆಡಲಿನ ಕೆಳಗೆ ಇನ್ನೂ ಅಷ್ಟು ಜಾಗವಿದೆ ಎಂದು ಕಾರು ಕೊಂಡಂದಿನಿಂದ ನನಗೆ ಗೊತ್ತಿರಲಿಲ್ಲ. ಒಳಗೆಲ್ಲೋ ಕುಕ್ಕರಿನಂಥ ಒಂದು ಸಿಳ್ಳೆ ಎದ್ದಿತು, ಹಿಂದಿನಿಂದ ಯಾರೋ ನೂಕಿದಂತಾಯಿತು. ಷಡ್ಡಕನ ಕಾರು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ನನ್ನ ಹೆಂಡತಿ ಗಾಜು ಇಳಿಸಿ ಅಕ್ಕನಿಗೆ ಕೈ ಬೀಸಿದಳು. ಅಮ್ಮ ಮುಂದೆ ಕೂತಿರುವುದು ಅಕ್ಕನಿಗೆ ಕಾಣಲಿ ಎಂದು ತಾನು ಸ್ವಲ್ಪ ಹಿಂದಕ್ಕೆ ಒರಗಿದ್ದಳು.

ಮೇಲೆ ಪೂಜೆಯೆಲ್ಲ ಮುಗಿದ ಮೇಲೆ ಷಡ್ಡಕ ನನ್ನನ್ನು ಪಕ್ಕಕ್ಕೆ ಕರೆದ. "ಎಲ್ಲಿ ಮಾಡಿಸ್ದೆ ಗುರು ಅದು? ನಂಗೂ ಹೇಳೋ," ಎಂದು ಮೆತ್ತಗೆ ಕೇಳಿದ. ಏನೂ ಮಾಡಿಸಿಲ್ಲ ಎಂದೆ. ಅವನು ನಂಬಲಿಲ್ಲ. ಕೊನೆಗೆ ಇಂದಿರಾನಗರದ ಯುವಕನ ನಂಬರು ಕೊಟ್ಟೆ.

ತಿರುಗಿ ನೋಡಿದರೆ ಅತ್ತೆ ಆಗಲೇ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಯಾಕೆ ತಡ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಹೆಂಡತಿ ಹಿಂದೆ ಕೂತು ನಗುತ್ತಿದ್ದಳು. ನಾನು ಕೀಲಿ ತಿರುಗಿಸಿದೆ. ಮುಂದೆ ಇಡೀ ಇಳಿಜಾರು ಕಾಣುತ್ತಿತ್ತು, ನನಗೆ ಬ್ರೇಕಿನ ಚಿಂತೆ ಶುರುವಾಗಿತ್ತು.